ದೂರು ಕೊಟ್ಟ ಮೇಲಿನ ಪಾಳಿ

ಎಲ್ಲರಿಗೂ ನಮಸ್ಕಾರ. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದವರು ಈ ಸಭೆಯಲ್ಲಿ ನಾಲ್ಕೈದು ಜನರಾದರೂ ಇದ್ದೀರಿ. ನಿಮ್ಮ ಕಣ್ಣು ನೋಡಿದರೇ ಗೊತ್ತಾಗುತ್ತದೆ. ನಿದ್ದೆ ಬಂದರೆ ನಿದ್ದೆ ಮಾಡಿ, ನನಗೇನೂ ಬೇಸರವಿಲ್ಲ. ಪಕ್ಕದಲ್ಲಿ ಕೂತವರು ಆಮೇಲೆ ಇವರಿಗೆ ವಿಷಯ ಹೇಳಿ, ಅಷ್ಟೇ.

ದಾದಿಯರ ದಿನ ಅಂತ ಸಂಘದವರು ನನಗೆ ಕೊಟ್ಟಿದ್ದ ವಿಷಯ ಬೇರೆ. ನರ್ಸಿಂಗ್ ವೃತ್ತಿಯ ಘನತೆ ಬಗ್ಗೆ ಮಾತಾಡಿ ಎಂದಿದ್ದರು. ನಾನೇ ಕೇಳಿಕೊಂಡು ಬದಲಾಯಿಸಿದೆ. ಕಾರಣ ಯುಗಾದಿ ಊಟದ ದಿನ ಇಲ್ಲೇ ನಡೆದ ಒಂದು ಮಾತು.

ಅವತ್ತು ಊಟದ ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬ ಹುಡುಗಿ. ನರ್ಸಾಗಿ ಬ್ರಿಟನ್ನಿಗೆ ಬಂದು ಒಂದೂವರೆ ವರ್ಷ ಆಗಿದೆ. ತಟ್ಟೆ ಹಿಡಿದುಕೊಂಡೇ ಹಿಂದೆ ತಿರುಗಿ ಕೇಳಿದಳು. "ಅಕ್ಕ, ನಮ್ಮ ವಾರ್ಡಿನಲ್ಲಿ ಒಬ್ಬರು ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಹೊತ್ತಿನಲ್ಲಿ ನನ್ನ ಇಂಗ್ಲಿಷ್ ಅಣಕಿಸುತ್ತಾರೆ. ಎಲ್ಲರೂ ನಗುತ್ತಾರೆ. ಇದನ್ನು ಮೇಲಿನವರಿಗೆ ಹೇಳಬೇಕಾ, ಬೇಡವಾ?" ನಾನು ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿದ್ದವರೆಲ್ಲ ಉತ್ತರ ಕೊಟ್ಟರು. "ಸುಮ್ನಿರಮ್ಮ." "ವೀಸಾ ಅವರ ಕೈಯಲ್ಲಿದೆ." "ಇಲ್ಲೇ ಖಾಯಂ ಇರುವ ಪಿಆರ್ ಬರಲಿ, ಆಮೇಲೆ ನೋಡಿಕೊಳ್ಳುವೆಯಂತೆ." "ಎಲ್ಲಾ ಕಡೆ ಇದ್ದದ್ದೇ." ಕೊನೆಗೆ ಒಬ್ಬರು ದನಿ ತಗ್ಗಿಸಿ ಹೇಳಿದರು, "ದೂರು ಕೊಟ್ಟವರ ಪಾಡು ಏನಾಯ್ತು ಅಂತ ಗೊತ್ತಲ್ವಾ?"

ಹುಡುಗಿ ತಲೆಯಾಡಿಸಿ ಹೋಳಿಗೆ ಹಾಕಿಸಿಕೊಂಡು ಹೋದಳು.

ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಆ ಹುಡುಗಿಯ ಮೇಲೆ ಅಕ್ಕರೆಯೇ. ಅವರ ಮಾತಿನ ಹಿಂದೆ ಅನುಭವ ಇದೆ. ಅದಕ್ಕೇ ಇವತ್ತು ನಾನು ಕಿರುಕುಳದ ಬಗ್ಗೆ ಕಮ್ಮಿ, ಆ ಕೊನೆಯ ಮಾತಿನ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ದೂರು ಕೊಟ್ಟ ಮೇಲೆ ಏನಾಗುತ್ತದೆ? ಆಗುವುದನ್ನು ಹಿಡಿಯುವುದು ಹೇಗೆ?

ಕಾನೂನು ನಿಮಗೆಲ್ಲ ಸ್ವಲ್ಪ ಗೊತ್ತಿದೆ. ಬ್ರಿಟನ್ನಿನ 2010ರ ಈಕ್ವಾಲಿಟಿ ಆಕ್ಟ್. ಅದರ 26ನೇ ಸೆಕ್ಷನ್ ಕಿರುಕುಳದ್ದು. ನಿಮಗೆ ಬೇಡವಾದ ನಡವಳಿಕೆ ಆಗಿರಬೇಕು. ಅದಕ್ಕೆ ನಿಮ್ಮ ಬಣ್ಣ, ದೇಶ, ಮೂಲ ಇವುಗಳ ನಂಟು ಇರಬೇಕು. ನಿಮ್ಮ ಮರ್ಯಾದೆ ಕಳೆಯುವ ಅಥವಾ ಕೆಲಸದ ಜಾಗವನ್ನು ಅವಮಾನದ ಜಾಗ ಮಾಡುವ ಉದ್ದೇಶ ಅದಕ್ಕಿರಬೇಕು, ಇಲ್ಲವೇ ಪರಿಣಾಮ ಹಾಗಾಗಿರಬೇಕು. 'ಇಲ್ಲವೇ' ಎಂಬ ಪದಕ್ಕೆ ಗೆರೆ ಎಳೆದುಕೊಳ್ಳಿ. "ನಾನು ತಮಾಷೆಗೆ ಅಂದೆ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಪರಿಣಾಮ ಏನಾಯಿತು, ಹಾಗೆ ನೊಂದುಕೊಂಡದ್ದು ಸಹಜವಾ ಅಂತಲೂ ನೋಡುತ್ತಾರೆ.

27ನೇ ಸೆಕ್ಷನ್ ವಿಕ್ಟಿಮೈಸೇಶನ್. ಇದನ್ನು ನಾನು 'ದೂರಿನ ಸೇಡು' ಅನ್ನುತ್ತೇನೆ. ನೀವು ಭೇದಭಾವದ ಬಗ್ಗೆ ದೂರು ಕೊಟ್ಟಿರಿ, ಅಥವಾ ಕೊಟ್ಟವರ ಪರ ಸಾಕ್ಷಿ ಹೇಳಿದಿರಿ. ಆ ಕಾರಣಕ್ಕೆ ನಿಮಗೆ ತೊಂದರೆ ಕೊಟ್ಟರೆ ಅದು ಬೇರೆಯದೇ ಒಂದು ತಪ್ಪು. ಮೊದಲಿನ ದೂರು ಸಾಬೀತಾಗದಿದ್ದರೂ ಈ ರಕ್ಷಣೆ ಹೋಗುವುದಿಲ್ಲ. ಕೆಟ್ಟ ಮನಸ್ಸಿನಿಂದ ಸುಳ್ಳು ಹೇಳಿದ್ದರೆ ಮಾತ್ರ ಹೋಗುತ್ತದೆ. ಇದು ನಮ್ಮ ಮಂದಿಗೆ ಗೊತ್ತೇ ಇಲ್ಲ. "ಪ್ರೂವ್ ಆಗದಿದ್ದರೆ ನಾನೇ ಸಿಕ್ಕಿಬೀಳುತ್ತೇನೆ" ಅಂತ ಹೆದರುತ್ತಾರೆ. ಪ್ರಾಮಾಣಿಕವಾಗಿ ಹೇಳಿದವರನ್ನು ಕಾನೂನು ಕೈಬಿಡುವುದಿಲ್ಲ.

ಈಗ ಒಂದು ಕಥೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಆಗಲೇ ಯೂನಿಯನ್ ಪ್ರತಿನಿಧಿ. ಹಾಸನದ ಕಡೆಯ ಒಬ್ಬ ಹೆಣ್ಣುಮಗಳು, ಸರ್ಜಿಕಲ್ ವಾರ್ಡಿನಲ್ಲಿ ಬ್ಯಾಂಡ್ 5, ಅಂದರೆ ನರ್ಸುಗಳ ಮೊದಲ ದರ್ಜೆ. ಬೆಂಗಳೂರಿನ ಐಸಿಯುನಲ್ಲಿ ಎಂಟು ವರ್ಷ ದುಡಿದು ಬಂದವಳು. ವಾರ್ಡಿನ ಒಬ್ಬ ಹಿರಿಯ ನರ್ಸ್ ಇವಳ ಹೆಸರು ಹಿಡಿದು ಒಂದು ದಿನವೂ ಕರೆಯಲಿಲ್ಲ. 'ಆ ಇಂಡಿಯನ್ ಹುಡುಗಿ', ಅಷ್ಟೇ. ಇವಳು ಹ್ಯಾಂಡೋವರ್ ಕೊಟ್ಟು ಮುಗಿಸಿದರೆ, "ಈಗ ಅದನ್ನೇ ಇಂಗ್ಲಿಷಿನಲ್ಲಿ ಹೇಳು" ಅನ್ನುವುದು. ಇವಳು ಹೇಳಿದ್ದು ಇಂಗ್ಲಿಷಿನಲ್ಲೇ. ನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡಿದ್ದು, ಒಂದು ದಿನ ವಾರ್ಡ್ ಮ್ಯಾನೇಜರಿಗೆ ಪತ್ರ ಬರೆದು ಕೊಟ್ಟಳು.

ಆಮೇಲೆ ಯಾರೂ ಬೈಯಲಿಲ್ಲ. ಎಲ್ಲರೂ ನಕ್ಕು ಮಾತಾಡಿಸಿದರು. ಬದಲಾದದ್ದು ಡ್ಯೂಟಿ ಪಟ್ಟಿ. ಶನಿವಾರ ಭಾನುವಾರ ಇವಳದ್ದೇ. ಬೇರೆ ವಾರ್ಡಿನಲ್ಲಿ ಜನ ಕಮ್ಮಿಯಾದರೆ ಹೋಗಬೇಕಾದವಳು ಇವಳೇ. ಐವಿ, ಅಂದರೆ ರಕ್ತನಾಳಕ್ಕೆ ಔಷಧಿ, ಕೊಡುವ ಅರ್ಹತೆಯ ಹಾಳೆ ಸಹಿಯಾಗದೆ ಡ್ರಾಯರಿನಲ್ಲಿ ಬಿದ್ದಿತ್ತು. ಅದು ಆಗದೆ ಮುಂದಿನ ತರಬೇತಿ ಇಲ್ಲ, ಬ್ಯಾಂಡ್ 6ರ ಮಾತಂತೂ ದೂರ. ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ಒಂದೊಂದಕ್ಕೂ ಉತ್ತರ ಇದೆ. ಸ್ಟಾಫ್ ಕಮ್ಮಿ. ಸಹಿ ಮಾಡುವವರು ರಜೆಯಲ್ಲಿದ್ದಾರೆ. ಎಲ್ಲರಿಗೂ ಬರುತ್ತದಲ್ವಾ ವೀಕೆಂಡು?

ನನ್ನ ಹತ್ತಿರ ಬಂದಾಗ ಕೇಳಿದೆ, "ಇಮೇಲ್ ಏನಾದರೂ ಇದೆಯಾ?" ಇಲ್ಲ. "ಮೆಸೇಜ್?" ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಚಿಕೊಂಡು, "ಮನೆ ಕ್ಯಾಲೆಂಡರಿನಲ್ಲಿ ಬರೆದಿದ್ದೀನಿ ಅಕ್ಕ" ಅಂದಳು.

ಅವಳ ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಪಕ್ಕದ ಮೊಳೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಊರಿಂದ ಅಪ್ಪ ಸುರುಳಿ ಸುತ್ತಿ ಕಳಿಸಿದ್ದು, ಮಡಿಕೆಯ ಗುರುತು ಹಾಗೇ ಇತ್ತು. ನಮ್ಮ ಅಮ್ಮಂದಿರು ಏನು ಮಾಡುತ್ತಿದ್ದರು ನೆನಪಿದೆಯಾ? ಹಾಲಿನ ಲೆಕ್ಕ. ಒಂದೊಂದು ಚೌಕದಲ್ಲೂ ತಾರೀಕಿನ ಕೆಳಗೆ 'ಅರ್ಧ', 'ಒಂದು', ಬರದ ದಿನ ಒಂದು ಅಡ್ಡಗೆರೆ. ತಿಂಗಳ ಕೊನೆಗೆ ಹಾಲಿನವನು ಬಂದರೆ ಅಮ್ಮನ ಹತ್ತಿರ ವಾದ ಇಲ್ಲ, ಜಗಳ ಇಲ್ಲ. ಕ್ಯಾಲೆಂಡರ್ ತೋರಿಸುವುದು, ಅಷ್ಟೇ. ಈ ಹುಡುಗಿಯೂ ಹಾಗೇ ಬರೆದಿದ್ದಳು. ಪುಟ್ಟ ಕನ್ನಡ ಅಕ್ಷರ, ಪೆನ್ಸಿಲಿನಲ್ಲಿ. 'ರಾ' ಅಂದರೆ ರಾತ್ರಿ ಪಾಳಿ. 'ಬೇ' ಅಂದರೆ ಬೇರೆ ವಾರ್ಡಿಗೆ ಕಳಿಸಿದ್ದು. 'ಸ' ಅಂದರೆ ಸಹಿ ಕೇಳಿದೆ, ಆಗಲಿಲ್ಲ. ಅಣಕದ ಮಾತು ಬಂದ ದಿನ ಅದೇ ಚೌಕದಲ್ಲಿ ಆ ಮಾತು, ಅಲ್ಲಿ ಯಾರಿದ್ದರು ಅನ್ನುವುದರ ಮೊದಲಕ್ಷರ. ಏಕಾದಶಿ, ಸಂಕಷ್ಟಿಗಳ ನಡುವೆ ಇಷ್ಟೆಲ್ಲ ಇತ್ತು.

ನಾವಿಬ್ಬರೂ ಕೂತು ಎಣಿಸಿದೆವು. ದೂರಿಗೆ ಮುಂಚಿನ ಹನ್ನೆರಡು ವಾರದಲ್ಲಿ 'ಬೇ' ಎರಡು ಸಲ. ದೂರಿನ ನಂತರದ ಏಳು ವಾರದಲ್ಲಿ ಒಂಬತ್ತು ಸಲ. ಏಳು ವೀಕೆಂಡಿನಲ್ಲಿ ಆರು ಕೆಲಸ. ಗೋಡೆಯ ಮೇಲಿನ ಕಾಗದ ನೋಡಿ ಆ ಹುಡುಗಿ, "ಅಕ್ಕ, ನನಗೆ ಹುಚ್ಚು ಹಿಡಿದಿಲ್ಲ ಅಲ್ವಾ?" ಅಂದಳು. ಇಷ್ಟು ದಿನ ಎಲ್ಲರೂ "ನಿನ್ನ ಭ್ರಮೆ" ಅಂದಿದ್ದರು. ಅವಳಿಗೂ ಹಾಗೇ ಅನ್ನಿಸತೊಡಗಿತ್ತು.

"ಇದು ಕನ್ನಡದಲ್ಲಿದೆ, ನಡೆಯುತ್ತಾ?" ಅಂತ ಕೇಳಿದಳು. ಯಾಕೆ ನಡೆಯಬಾರದು? ಆಯಾ ದಿನವೇ ಬರೆದಿಟ್ಟದ್ದು ಯಾವ ಭಾಷೆಯಲ್ಲಿದ್ದರೂ ಸಾಕ್ಷಿಯೇ. ಅನುವಾದ ಜೊತೆಗಿಟ್ಟರಾಯಿತು. ಪುಟಗಳ ಫೋಟೊ ತೆಗೆದು, ಆಸ್ಪತ್ರೆಯದೇ ಡ್ಯೂಟಿ ಪಟ್ಟಿ ತರಿಸಿಕೊಂಡು ತಾಳೆ ನೋಡಿದೆವು. ಒಂದೇ ಒಂದು ದಿನವೂ ತಪ್ಪಿರಲಿಲ್ಲ. ಆಸ್ಪತ್ರೆಯವರು ದೂರು ವಿಚಾರಿಸುವ ಗ್ರೀವನ್ಸ್ ಸಭೆಯಲ್ಲಿ ಎರಡನ್ನೂ ಮುಂದಿಟ್ಟೆವು. ಮೇಜಿನ ಆಚೆ ಇದ್ದವರು ಬಹಳ ಹೊತ್ತು ಪುಟ ತಿರುವಿದರು. ಹಾಳೆಗೆ ಸಹಿಯಾಯಿತು, ಪಟ್ಟಿ ಸರಿಹೋಯಿತು, ಕ್ಷಮಾಪಣೆಯ ಪತ್ರ ಬಂತು. ಕೆಲಸದ ತಕರಾರುಗಳ ನ್ಯಾಯಾಲಯವಾದ ಟ್ರಿಬ್ಯೂನಲ್ ತನಕ ಹೋಗಲೇ ಇಲ್ಲ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಅವಳು ಈಗಲೂ ಅಲ್ಲೇ ಇದ್ದಾಳೆ.

ಹಾಲಿನ ಲೆಕ್ಕದ ಹಾಗೆ ಬರೆಯಿರಿ. ಇವತ್ತು ನಾನು ಇದನ್ನು ಎಷ್ಟು ಸಲ ಹೇಳುತ್ತೇನೋ, ಕೇಳಿ ಬೇಜಾರಾದರೂ ಪರವಾಗಿಲ್ಲ.

ಸೇಡು ಎಂದರೆ ಯಾರೋ ಹಲ್ಲು ಕಡಿದು ಹೊಂಚು ಹಾಕುವುದು ಅಂದುಕೊಳ್ಳಬೇಡಿ. ಎಷ್ಟೋ ಸಲ ಮಾಡುವವರಿಗೇ ಅದರ ಅರಿವಿರುವುದಿಲ್ಲ. ಇದನ್ನು ಬ್ರಿಟನ್ನಿನ ಕೋರ್ಟಿಗೆ ಒಪ್ಪಿಸಿದ್ದು ಒಂದು ದಕ್ಷಿಣ ಭಾರತದ ಹೆಸರಿನ ಪ್ರಕರಣ. ನಾಗರಾಜನ್ ಪ್ರಕರಣ, 1999, ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್. ಆಸ್ಪತ್ರೆಯದಲ್ಲ, ಲಂಡನ್ನಿನ ಸಾರಿಗೆ ಸಂಸ್ಥೆಯದ್ದು. ಪ್ರಯಾಣಿಕರಿಗೆ ಮಾಹಿತಿ ಹೇಳುವ ಕೆಲಸ. ಅರ್ಜಿ ಹಾಕಿದವರು ಹಿಂದೆ ಅದೇ ಸಂಸ್ಥೆಯ ಮೇಲೆ ಭೇದಭಾವದ ಕೇಸು ಹಾಕಿದ್ದರು. ಸಂದರ್ಶನದಲ್ಲಿ ಮಾತಿನ ಸ್ಪಷ್ಟತೆಗೆ ಒಬ್ಬರು ಕೊಟ್ಟ ಅಂಕ ಹತ್ತಕ್ಕೆ ಒಂದು! ಮೊದಲು ಇದೇ ಕೆಲಸವನ್ನು ಯಾವ ತಕರಾರೂ ಇಲ್ಲದೆ ಮಾಡಿದ್ದ ಮನುಷ್ಯನಿಗೆ. ಹಳೆಯ ದೂರು ಸಂದರ್ಶಕರ ಮನಸ್ಸಿನಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಕೆಲಸ ಮಾಡಿದ್ದರೆ ಸಾಕು, ಅದು ವಿಕ್ಟಿಮೈಸೇಶನ್ನೇ ಎಂದು ಲಾರ್ಡ್ಸ್ ಹೇಳಿತು. ಇವತ್ತಿಗೂ ಟ್ರಿಬ್ಯೂನಲ್‌ಗಳು ಈ ತೀರ್ಪನ್ನು ಹಿಡಿದು ನಡೆಯುತ್ತವೆ. ಹಾಗಾಗಿ "ಅವರು ಬೇಕಂತ ಮಾಡಿದರು" ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ದೂರಿಗೂ ತೊಂದರೆಗೂ ಇರುವ ನಂಟು ತೋರಿಸಬೇಕು. ಅದನ್ನು ತಾರೀಕುಗಳು ತೋರಿಸುತ್ತವೆ. ಮತ್ತೆ ಹಾಲಿನ ಲೆಕ್ಕಕ್ಕೇ ಬಂದೆ.

ಮಕ್ಕಳನ್ನು ಸ್ವಲ್ಪ ಆ ಕಡೆ ಕೂರಿಸಿ. ಹಿಂದಿನವರಿಗೆ ಕೇಳಿಸ್ತಿದೆಯಾ? ಸರಿ.

ಒಂದೇ ಒಂದು ಮಾತು ಕಿರುಕುಳ ಆಗುತ್ತದಾ ಅಂತ ಜನ ಕೇಳುತ್ತಾರೆ. ಧಲಿವಾಲ್ ಪ್ರಕರಣ ನೋಡಿ, 2009ರದ್ದು. ಔಷಧಿಗಳ ಪ್ರಯೋಗ ನಡೆಸುವ ಕಂಪನಿ. ಭಾರತೀಯ ಮೂಲದ ಹೆಣ್ಣುಮಗಳು ಕೆಲಸ ಬಿಡುತ್ತಿದ್ದಾಳೆ. ಹೊರಡುವ ಮುಂಚೆ ಮೇಲಿನವರು ಹೇಳಿದ್ದು, "ಮುಂದೆ ಎಲ್ಲಾದರೂ ಸಿಗೋಣ, ಅಷ್ಟರಲ್ಲಿ ನಿನ್ನನ್ನು ಇಂಡಿಯಾದಲ್ಲಿ ಮದುವೆ ಮಾಡಿಕೊಟ್ಟಿರದಿದ್ದರೆ" ಎಂಬ ಅರ್ಥದ ಮಾತು. ಇದು ಕಿರುಕುಳ ಎಂದಿತು ಟ್ರಿಬ್ಯೂನಲ್. 1,000 ಪೌಂಡ್ ಪರಿಹಾರ. ಮೇಲ್ಮನವಿಯಲ್ಲೂ ತೀರ್ಪು ನಿಂತಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಕ್ಷುಲ್ಲಕವಾಗಿ ಬಂದುಹೋಗುವ ಮಾತಿಗೆಲ್ಲ, ಅದರಲ್ಲೂ ನೋಯಿಸುವ ಉದ್ದೇಶ ಇಲ್ಲ ಅನ್ನುವುದು ಸ್ಪಷ್ಟ ಇದ್ದಾಗ, ಮರ್ಯಾದೆ ಹೋಯಿತು ಅನ್ನಲಾಗುವುದಿಲ್ಲ ಎಂದು. ನನಗೆ ಆ ತೀರ್ಪು ಇಷ್ಟ. ಹೆಸರನ್ನು ತಪ್ಪಾಗಿ ಹೇಳಿದ ಮುದುಕಪ್ಪನ ಮೇಲೆ ಕೇಸು ಹಾಕಿ ಅಂತ ನಾನು ಹೇಳುವುದಿಲ್ಲ. ನಮ್ಮೂರಲ್ಲಿ ಎಲ್ಲ ನರ್ಸನ್ನೂ 'ಸಿಸ್ಟರ್' ಅನ್ನುತ್ತಾರೆ. ಇಲ್ಲಿ ಸಿಸ್ಟರ್ ಅಂದರೆ ವಾರ್ಡಿನ ಯಜಮಾನಿ. ಮೊದಲ ವಾರ ನಾನು ಎಲ್ಲರನ್ನೂ ಸಿಸ್ಟರ್ ಅಂದು ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳಿಗೆಲ್ಲ ಬಡ್ತಿ ಕೊಟ್ಟಿದ್ದೆ. ಅವರೆಲ್ಲ ಖುಷಿಪಟ್ಟರು. ಗೊತ್ತಿಲ್ಲದೆ ಆಗುವ ತಪ್ಪನ್ನು ಒಂದು ಸಲ ತಿದ್ದಿದರೆ ಸರಿಹೋಗುತ್ತದೆ. ತಿದ್ದಿದ ಮೇಲೂ ಮುಂದುವರಿದರೆ ಅದು ಬೇರೆ.

ರೋಗಿಗಳ ಬಾಯಿಂದ ಬರುವ ಮಾತಿನದು ಇನ್ನೊಂದು ಕಷ್ಟ. "ಕಾಯಿಲೆಯವರು, ಬಿಟ್ಟುಬಿಡು" ಅನ್ನುತ್ತಾರೆ. ಮರೆವಿನ ರೋಗ ಇರುವವರು, ಜ್ವರ ತಲೆಗೇರಿದವರು ಆದರೆ ಬಿಡೋಣ. ಎಲ್ಲರೂ ಹಾಗಲ್ಲ. ಮ್ಯಾಂಚೆಸ್ಟರ್ ಕಡೆಯ ಪೆನೈನ್ ಕೇರ್ ಅನ್ನುವ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಟ್ರಸ್ಟಿನಲ್ಲಿ 2017ರಲ್ಲಿ ಆಫ್ರಿಕಾ ಮೂಲದ ಒಬ್ಬ ಮಾನಸಿಕ ಆರೋಗ್ಯ ನರ್ಸಿಗೆ ರೋಗಿಯೊಬ್ಬ ಬಣ್ಣ ಹಿಡಿದು ಬೈದು, ಪೆನ್ನಿನಿಂದ ಇರಿದ. ಬೆಸಾಂಗ್ ಪ್ರಕರಣ ಎನ್ನುತ್ತಾರೆ. ಇಲ್ಲಿ ಕಿರುಕುಳದ ವಾದ ಸೋತಿತು. 2019ರ ಮೇಲ್ಮನವಿಯಲ್ಲೂ ಸೋತಿತು. ರೋಗಿ ಮಾಡಿದ್ದಕ್ಕೆ ಟ್ರಸ್ಟನ್ನು ಕಿರುಕುಳದ ಹೊಣೆಗಾರ ಮಾಡಲಾಗುವುದಿಲ್ಲ, ಟ್ರಸ್ಟಿನ ನಿರ್ಲಕ್ಷ್ಯಕ್ಕೇ ಬಣ್ಣದ ನಂಟು ಇರಬೇಕು ಎಂದರು. ಆದರೆ ಆ ನರ್ಸ್ ಬೇರೆ ಒಂದು ವಾದದಲ್ಲಿ ಗೆದ್ದಿದ್ದರು. ವರ್ಣನಿಂದೆಯ ಪ್ರತಿ ಘಟನೆಯನ್ನೂ ಸಿಬ್ಬಂದಿ ವರದಿ ಫಾರಂನಲ್ಲಿ ಬರೆಯುವಂತೆ ಟ್ರಸ್ಟ್ ನೋಡಿಕೊಂಡಿರಲಿಲ್ಲ. ಅದು ಪರೋಕ್ಷ ತಾರತಮ್ಯ, ಅಂದರೆ ಎಲ್ಲರಿಗೂ ಒಂದೇ ಅನ್ನಿಸಿದರೂ ಒಂದು ಜನಾಂಗದವರಿಗೆ ಹೆಚ್ಚು ಪೆಟ್ಟಾಗುವ ಭೇದಭಾವ, ಎಂದು ಟ್ರಿಬ್ಯೂನಲ್ ಹೇಳಿತು.

ಕೇಳಿದಿರಾ? ಬರೆಯದಿದ್ದದ್ದೇ ತಪ್ಪು ಎಂದಾಯಿತು. ಡೇಟಿಕ್ಸ್ ಅನ್ನುವ ಆ ವರದಿ ಫಾರಂ ತುಂಬಲು ಹದಿನೈದು ನಿಮಿಷ ಬೇಕು, ಪಾಳಿ ಮುಗಿದಿರುತ್ತದೆ, ಬಸ್ಸು ತಪ್ಪುತ್ತದೆ, ನನಗೆ ಗೊತ್ತು. ಆದರೂ ತುಂಬಿ. ಆ ಬೈಗುಳ ಫಾರಂನಲ್ಲಿ ಇಲ್ಲದಿದ್ದರೆ ಆಸ್ಪತ್ರೆಯ ಲೆಕ್ಕದಲ್ಲಿ ಅದು ನಡೆದೇ ಇಲ್ಲ. 2020ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಎನ್‌ಎಚ್‌ಎಸ್ ಟ್ರಸ್ಟ್‌ಗಳಿಗೆ ವರ್ಣನಿಂದೆ ಮಾಡುವ ರೋಗಿಗೆ ತುರ್ತಲ್ಲದ ಚಿಕಿತ್ಸೆ ನಿರಾಕರಿಸುವ ಅಧಿಕಾರ ಇದೆ. ಬರೆದದ್ದು ಇಲ್ಲದೆ ಅದನ್ನು ಬಳಸುವುದು ಹೇಗೆ?

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ. ಸಾಕ್ಷಿ.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಜೊತೆ ಫಿಲಿಪೀನ್ಸಿನ ಒಬ್ಬರು ಇದ್ದರು. ನನಗೆ ಈ ಊರಿನ ಬಸ್ಸು, ಬ್ಯಾಂಕು, ಚಳಿಗೆ ಯಾವ ಕೋಟು, ಎಲ್ಲ ಹೇಳಿಕೊಟ್ಟವರು. ಒಂದು ದಿನ ಔಷಧಿ ಕೊಠಡಿಯಲ್ಲಿ ಅವರಿಗೆ ಒಬ್ಬರು ತೀರಾ ಕೆಟ್ಟ ಮಾತು ಅಂದರು. ನಾನು ಮೂರಡಿ ದೂರದಲ್ಲಿ ಡ್ರಿಪ್ ಸೆಟ್ ಬಿಚ್ಚುತ್ತಿದ್ದೆ. ಅವರು ದೂರು ಕೊಟ್ಟರು. ಎಚ್‌ಆರ್‌ನವರು ನನ್ನನ್ನು ಕರೆಸಿದರು. "ನನಗೆ ಸರಿಯಾಗಿ ಕೇಳಿಸಲಿಲ್ಲ" ಅಂದೆ. ಸ್ಪಷ್ಟವಾಗಿ ಕೇಳಿಸಿತ್ತು. ಆ ದೂರು ಅಲ್ಲಿಗೇ ಬಿದ್ದುಹೋಯಿತು. ಅವರು ನನಗೆ ಏನೂ ಅನ್ನಲಿಲ್ಲ. ಮೂರು ತಿಂಗಳಲ್ಲಿ ಬೇರೆ ಊರಿಗೆ ಹೋದರು. ನಾನು ಯೂನಿಯನ್ ಪ್ರತಿನಿಧಿ ಆದದ್ದು ಆ ಒಂದು ವಾಕ್ಯದ ಕಾರಣಕ್ಕೆ.

ಆಗ ನನಗೆ ಹೆದರಿಕೆ ಇತ್ತು. ಕಾನೂನು ಗೊತ್ತಿರಲಿಲ್ಲ. ಸಾಕ್ಷಿ ಹೇಳಿದವರಿಗೂ ದೂರು ಕೊಟ್ಟವರಷ್ಟೇ ರಕ್ಷಣೆ ಇದೆ, 1976ರ ರೇಸ್ ರಿಲೇಷನ್ಸ್ ಆಕ್ಟ್ ಕಾಲದಿಂದಲೂ ಇದೆ. ಯುಗಾದಿ ಸಾಲಿನಲ್ಲಿ "ಸುಮ್ನಿರು" ಅಂದವರಿಗೆ ನನ್ನ ಕೋರಿಕೆ ಇಷ್ಟೇ. ನೀವು ದೂರು ಕೊಡದಿದ್ದರೆ ಬೇಡ, ಅದು ನಿಮ್ಮ ನಿರ್ಧಾರ. ಆದರೆ ಬೇರೆಯವರ ದೂರಿಗೆ ಕರೆ ಬಂದಾಗ ಕೇಳಿಸಿದ್ದನ್ನು ಕೇಳಿಸಿತು ಅನ್ನಿ. ನಮ್ಮವಳೇ ಆಗಬೇಕೆಂದಿಲ್ಲ, ಮಲಯಾಳಿ ಚೇಚಿ ಇರಲಿ, ನೈಜೀರಿಯಾದವರಿರಲಿ.

ದೊಡ್ಡ ಸ್ಥಾನದವರಿಗೂ ಇದು ತಪ್ಪಿಲ್ಲ. ಮಿಷೆಲ್ ಕಾಕ್ಸ್ ಅಂತ ಕಪ್ಪು ಮೂಲದ ಹಿರಿಯ ನರ್ಸ್, ಎನ್‌ಎಚ್‌ಎಸ್ ಇಂಗ್ಲೆಂಡಿನಲ್ಲೇ ಅಧಿಕಾರಿ ಆಗಿದ್ದರು. ಅವರಿಗೆ ಬರಲು ಆಗದ ದಿನವೇ ತಂಡದ ಕಾರ್ಯಕ್ರಮ ಇಟ್ಟುಕೊಳ್ಳುತ್ತಿದ್ದರು. 2023ರಲ್ಲಿ ಮ್ಯಾಂಚೆಸ್ಟರ್ ಟ್ರಿಬ್ಯೂನಲ್‌ನಲ್ಲಿ ಗೆದ್ದರು. ನರ್ಸುಗಳ ಯೂನಿಯನ್ ಆದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಬೆನ್ನಿಗೆ ನಿಂತಿತ್ತು. ಆ ಪ್ರಕರಣವೂ ಕೊನೆಗೆ ತಾರೀಕುಗಳದ್ದೇ ನೋಡಿ. ಯಾವ ದಿನ ಅವರಿಗೆ ಬಿಡುವಿತ್ತು, ಯಾವ ದಿನ ಕಾರ್ಯಕ್ರಮ ಇಟ್ಟರು.

ಚೀಟಿ ಬಂತು. ಹತ್ತು ನಿಮಿಷ ಅಂತಿದೆ. ಅಡುಗೆಯವರು ಬಿಸಿಬೇಳೆಬಾತ್ ಆರುತ್ತದೆ ಅನ್ನುತ್ತಿದ್ದಾರಂತೆ. ಬೇಗ ಬೇಗ ಹೇಳುತ್ತೇನೆ.

ಅವಧಿ. ಟ್ರಿಬ್ಯೂನಲ್‌ಗೆ ಹೋಗಲು ಘಟನೆಯಿಂದ ಮೂರು ತಿಂಗಳಿಗೆ ಒಂದು ದಿನ ಕಮ್ಮಿ. ಮಾರ್ಚ್ 10ರಂದು ನಡೆದದ್ದಕ್ಕೆ ಜೂನ್ 9. ಅದರೊಳಗೆ ಏಕಾಸ್ ಅನ್ನುವ ಸಂಧಾನ ಸಂಸ್ಥೆಗೆ ತಿಳಿಸಬೇಕು. ಇದನ್ನು ಆರು ತಿಂಗಳು ಮಾಡುವ ಬದಲಾವಣೆಯ ಮಾತು ಕೇಳಿರುತ್ತೀರಿ, ಅದನ್ನು ನಂಬಿಕೊಂಡು ಕೂರಬೇಡಿ, ಮೂರೇ ಅಂತ ಎಣಿಸಿ. ನಮ್ಮವರು ಸೋಲುವುದು ಜಾಸ್ತಿ ಇಲ್ಲೇ. ಆಸ್ಪತ್ರೆಯ ಒಳಗಿನ ಗ್ರೀವನ್ಸ್ ಮುಗಿಯಲಿ ಅಂತ ಕಾಯುತ್ತಾರೆ. ಅದು ಐದಾರು ತಿಂಗಳು ಎಳೆಯುತ್ತದೆ, ಇತ್ತ ಗಡಿಯಾರ ನಿಂತಿರುವುದಿಲ್ಲ. ಸರಣಿಯಾಗಿ ನಡೆದ ಘಟನೆಗಳಾದರೆ ಕೊನೆಯದರಿಂದ ಎಣಿಸಬಹುದು. ಸರಣಿ ಅಂತ ತೋರಿಸಲು ಏನು ಬೇಕು? ಕ್ಯಾಲೆಂಡರ್.

ದುಡ್ಡು. ಅರ್ಜಿಗೆ ಶುಲ್ಕ ಇಲ್ಲ. 2013ರಿಂದ ನಾಲ್ಕು ವರ್ಷ ಇತ್ತು, ಇಂಥ ಪ್ರಕರಣಕ್ಕೆ 1,200 ಪೌಂಡ್. ಕೇಸುಗಳು ಸುಮಾರು ಮೂರರಲ್ಲಿ ಎರಡು ಪಾಲು ಕುಸಿದವು. ಯುನಿಸನ್ ಎಂಬ ಯೂನಿಯನ್ ಹೋರಾಡಿ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೆಗೆಸಿತು. ಯೂನಿಯನ್ ಚಂದಾ ದಂಡ ಅನ್ನುವವರು ಇದನ್ನು ನೆನಪಿಡಿ. ಸೇರುವುದಿದ್ದರೆ ತೊಂದರೆ ಬರುವ ಮೊದಲೇ ಸೇರಿ.

ಅಂಕಿ ಅಂಶ ನಾಲ್ಕು ಪುಟ ತಂದಿದ್ದೆ, ಒಂದೇ ಹೇಳುತ್ತೇನೆ. ಎನ್‌ಎಚ್‌ಎಸ್ ಪ್ರತಿ ವರ್ಷ ಈ ಬಣ್ಣದ ಭೇದದ ಬಗ್ಗೆ ತನ್ನದೇ ಲೆಕ್ಕ ಹಾಕುತ್ತದೆ, 2015ರಿಂದ. 2023ರ ಲೆಕ್ಕದಲ್ಲಿ ಸಿಬ್ಬಂದಿಯ ಕಾಲು ಭಾಗಕ್ಕಿಂತ ಹೆಚ್ಚು ನಮ್ಮಂಥ ಬಿಳಿಯರಲ್ಲದವರು. ಸಂದರ್ಶನದ ಪಟ್ಟಿಗೆ ಬಂದವರಲ್ಲಿ ಕೆಲಸ ಸಿಗುವ ಸಾಧ್ಯತೆ ಬಿಳಿಯರಿಗೆ ನಮ್ಮ 1.59 ಪಟ್ಟು.

ಇನ್ನೊಂದು. ಇದು ನಮ್ಮೊಳಗಿನ ಮಾತು, ಕೋಪ ಬಂದರೂ ಹೇಳುತ್ತೇನೆ. ಬ್ರೇಕ್ ರೂಮಿನಲ್ಲಿ ನಮ್ಮವರೇ ನಮ್ಮವರನ್ನು "ಯಾವ ಪೈಕಿ?" ಅಂತ ಕೇಳುವುದನ್ನು ನಾನು ಕೇಳಿದ್ದೇನೆ. ಉತ್ತರ ಕೇಳಿ ಡಬ್ಬಿ ಪಕ್ಕಕ್ಕೆ ಸರಿಸುವುದನ್ನೂ ನೋಡಿದ್ದೇನೆ. ಜಾತಿಯೂ ಈ ಕಾನೂನಿನ ಜನಾಂಗೀಯ ಮೂಲದೊಳಗೆ ಬರಬಹುದು ಎಂದು 2014ರಲ್ಲೇ ಇಲ್ಲಿನ ಮೇಲ್ಮನವಿ ಟ್ರಿಬ್ಯೂನಲ್ ಹೇಳಿದೆ. ಆ ಹುಡುಗಿಯ ಕ್ಯಾಲೆಂಡರಿನಲ್ಲಿ ನಮ್ಮ ಹೆಸರಿನ ಮೊದಲಕ್ಷರವೂ ಬರಬಹುದು.

ಎರಡನೇ ಚೀಟಿ ಬಂತು. ಮುಗಿಸಿದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಮೂವತ್ತು ಪುಟ್ಟ ಡೈರಿ ಇಟ್ಟಿದ್ದೇನೆ, ಯೂನಿಫಾರಂ ಜೇಬಿಗೆ ಸರಿಯಾಗುವಂಥವು. ರೋಗಿಗಳ ಹೆಸರು ಮಾತ್ರ ಅದರಲ್ಲಿ ಬರೆಯಬೇಡಿ. ನಾಳೆ ಬೆಳಗಿನ ಪಾಳಿ ಇರುವವರು ಮೊದಲು ತೆಗೆದುಕೊಳ್ಳಿ. ಯುಗಾದಿ ದಿನ ನನ್ನನ್ನು ಕೇಳಿದ ಹುಡುಗಿ ಅಲ್ಲಿ ನಾಲ್ಕನೇ ಸಾಲಿನಲ್ಲಿದ್ದಾಳೆ, ಅವಳ ಹೆಸರು ಹೇಳುವುದಿಲ್ಲ. ಅಮ್ಮಾ, ಅವತ್ತು ನಿನಗೆ ಉತ್ತರ ಕೊಡಲಿಲ್ಲ. ಊಟಕ್ಕೆ ನನ್ನ ಪಕ್ಕ ಕೂತುಕೋ.